ಮಗಳು ಪಾಯಿಂಟ್ ಶೂ ಕೇಳುತ್ತಿದ್ದಾಳೆ, ಟೀಚರ್ ಬೇಡ ಅನ್ನುತ್ತಾರೆ. ಡಾನ್ಸ್ ಮಕ್ಕಳ ಅಪ್ಪ ಅಮ್ಮಂದಿರೇ, ಏನು ಮಾಡಲಿ?

ಬನಶಂಕರಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಹನ್ನೊಂದು. ಏಳನೇ ವಯಸ್ಸಿನಿಂದ ಬ್ಯಾಲೆ ಕಲಿಯುತ್ತಿದ್ದಾಳೆ, ವಾರಕ್ಕೆ ಎರಡು ಕ್ಲಾಸ್. ಈಗ ಅವಳಿಗೆ ಪಾಯಿಂಟ್ ಶೂ ಬೇಕಂತೆ, ಅದೇ, ಕಾಲ್ಬೆರಳ ತುದಿಯಲ್ಲಿ ನಿಲ್ಲುತ್ತಾರಲ್ಲ ಆ ಗಟ್ಟಿ ಮೂತಿಯ ಶೂ. ಜೊತೆಗಿದ್ದ ಹುಡುಗಿಯೊಬ್ಬಳು ಬೇರೆ ಕ್ಲಾಸ್ ಸೇರಿ ಆಗಲೇ ಅದನ್ನು ಹಾಕಿಕೊಂಡು ಫೋಟೋ ಕಳಿಸಿದ್ದಾಳೆ. ಅಲ್ಲಿಂದ ಶುರು.

ನಮ್ಮ ಟೀಚರ್ "ಈಗ ಬೇಡ, ಮುಂದಿನ ವರ್ಷ ನೋಡೋಣ" ಅಂದರು. ಯಾಕೆ ಅಂದರೆ "ಕಾಲು ಇನ್ನೂ ರೆಡಿ ಇಲ್ಲ" ಅನ್ನುವುದಷ್ಟೇ ಉತ್ತರ. ಮನೆಗೆ ಬಂದು ಅತ್ತಿದ್ದೇ ಅತ್ತಿದ್ದು. ನಮ್ಮವರು "ಆನ್‌ಲೈನಲ್ಲಿ ತರಿಸೋಣ, ಮನೆಯಲ್ಲಿ ಹಾಕಿಕೊಂಡು ಖುಷಿಪಡಲಿ ಬಿಡು" ಅನ್ನುತ್ತಾರೆ. ಅತ್ತೆಯವರದು ಇನ್ನೊಂದು ರಾಗ. ಇಷ್ಟು ದುಡ್ಡು ಸುರಿಯುವುದಾದರೆ ಭರತನಾಟ್ಯಕ್ಕೆ ಸುರಿಯಬಾರದಿತ್ತಾ, ನಾಳೆ ರಂಗಪ್ರವೇಶವಾದರೂ ಆಗುತ್ತಿತ್ತು ಅಂತ.

ನನಗೆ ಡಾನ್ಸ್ ಗೊತ್ತಿಲ್ಲ. ಕರೆದುಕೊಂಡು ಹೋಗುತ್ತೇನೆ, ಫೀಸ್ ಕಟ್ಟುತ್ತೇನೆ, ತಲೆಗೆ ಬನ್ ಹಾಕುತ್ತೇನೆ. ಇದಕ್ಕಿಂತ ಹೆಚ್ಚಿಗೆ ಏನು ಮಾಡಬೇಕು, ಎಲ್ಲಿ ಸುಮ್ಮನಿರಬೇಕು? ಬ್ಯಾಲೆ ಆದರೂ ಸರಿ, ಭರತನಾಟ್ಯ ಆದರೂ ಸರಿ, ಅನುಭವ ಇರುವವರು ಹೇಳಿ.

ರೆಡಿಂಗ್‌ನಿಂದ

ಮೊದಲು ಯಜಮಾನರ ಫೋನಿನಿಂದ ಆ ಆರ್ಡರ್ ತೆಗೆಸಿ. ಉಳಿದದ್ದು ಆಮೇಲೆ.

ನಾವು ಇಂಗ್ಲೆಂಡಿನಲ್ಲಿದ್ದೇವೆ, ಮಗಳಿಗೆ ಹದಿನಾಲ್ಕು, ಪಾಯಿಂಟ್ ಶುರುವಾಗಿ ಸ್ವಲ್ಪ ಕಾಲ ಆಯಿತು. ಇಲ್ಲಿ ಮೊದಲ ಜೋಡಿಯನ್ನು ಅಂಗಡಿಗೆ ಹೋಗಿ, ಫಿಟ್ಟಿಂಗ್ ಮಾಡುವವರ ಹತ್ತಿರ ಸಮಯ ತಗೊಂಡೇ ಕೊಳ್ಳುವುದು. ಬೆರಳುಗಳ ಉದ್ದ, ಯಾವ ಬೆರಳು ಮುಂದಿದೆ, ಪಾದದ ಅಗಲ, ಅಂಗಾಲಿನ ಕಮಾನು, ಹಿಮ್ಮಡಿ, ಎಲ್ಲ ನೋಡುತ್ತಾರೆ. ನಿಲ್ಲಿಸುತ್ತಾರೆ, ಮಂಡಿ ಮಡಚಿಸಿ ಪ್ಲಿಯೆ ಮಾಡಿಸುತ್ತಾರೆ, ಬೇರೆ ಜೋಡಿ ಹಾಕಿಸಿ ಮತ್ತೆ ನಿಲ್ಲಿಸುತ್ತಾರೆ. ಆ ಮೂತಿಯೊಳಗೆ ಮರ ಇದೆ ಅಂದುಕೊಂಡವರು ತುಂಬಾ ಜನ. ಮರ ಇಲ್ಲ. ಹಳೇ ಮಾದರಿಯ ಶೂಗಳಲ್ಲಿ ಬಟ್ಟೆ, ಕಾಗದ, ಅಂಟು ಇವನ್ನೇ ಪದರ ಪದರವಾಗಿ ಕೂಡಿಸಿ ಗಟ್ಟಿ ಮಾಡಿರುತ್ತಾರೆ. ಅಂಗಾಲಿನ ಕೆಳಗೆ ಒಂದು ಗಟ್ಟಿ ಪಟ್ಟಿ ಇರುತ್ತದೆ. ಪಾದವನ್ನು ಎಲ್ಲ ಕಡೆಯಿಂದ ಬಿಗಿಯಾಗಿ ಹಿಡಿದರೆ ಮಾತ್ರ ಅದು ಕೆಲಸ ಮಾಡುತ್ತದೆ. "ಬೆಳೆಯೋ ಮಗು, ಒಂದು ಸೈಜ್ ದೊಡ್ಡದಿರಲಿ" ಅನ್ನುವ ನಮ್ಮ ಬುದ್ಧಿ ಸ್ಕೂಲ್ ಶೂಗೆ ಸರಿ, ಇದಕ್ಕಲ್ಲ. ಸಡಿಲ ಇದ್ದರೆ ಪಾದ ಒಳಗೆ ಜಾರಿ ಮೈಭಾರವೆಲ್ಲ ಬೆರಳ ತುದಿಗೆ ಬೀಳುತ್ತದೆ. ಉಗುರು ಕಪ್ಪಾಗುವುದು ಹಾಗೇ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಆ ಶೂ ಕೊಂಡಾಗ ರಿಬ್ಬನ್, ಎಲಾಸ್ಟಿಕ್ ಸಾಮಾನ್ಯವಾಗಿ ಹೊಲಿದಿರುವುದಿಲ್ಲ. ಮನೆಯಲ್ಲಿ ನಾವೇ ಹೊಲಿಯಬೇಕು. ಅಂಚಿನೊಳಗೆ ಬಿಗಿಯುವ ದಾರ ಓಡುತ್ತದೆ, ಸೂಜಿ ಅದಕ್ಕೆ ಸಿಕ್ಕಿಕೊಂಡರೆ ದಾರ ಎಳೆಯಲು ಬರುವುದಿಲ್ಲ, ಮತ್ತೆ ಬಿಚ್ಚಿ ಹೊಲಿಯಬೇಕು. ಕ್ಲಾಸ್ ಮುಗಿದ ಮೇಲೆ ಬ್ಯಾಗಿನಲ್ಲೇ ಬಿಡಬೇಡಿ. ಬೆವರಿಗೆ ಅಂಟು ಮೆತ್ತಗಾಗುತ್ತದೆ. ಗಾಳಿಗೆ ಇಡಿ. ಬೆಂಗಳೂರಿನ ಮಳೆಗಾಲದಲ್ಲಿ ಬೂಷ್ಟು ಬಂದರೂ ಆಶ್ಚರ್ಯ ಇಲ್ಲ.

ಫಿಸಿಯೋ, ಹುಬ್ಬಳ್ಳಿ

ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಭರತನಾಟ್ಯದ ಮಕ್ಕಳೇ ಜಾಸ್ತಿ, ಬ್ಯಾಲೆ ಕಡಿಮೆ. ಆದರೂ ಹೇಳುತ್ತೇನೆ ರೀ, ನಿಮ್ಮ ಟೀಚರ್ ಸರಿಯಾಗಿಯೇ ಹೇಳಿದ್ದಾರೆ.

ನೃತ್ಯ ವೈದ್ಯಕೀಯಕ್ಕೆ ಅಂತಲೇ ಒಂದು ಅಂತಾರಾಷ್ಟ್ರೀಯ ಸಂಘ ಇದೆ, ಐಎಡಿಎಂಎಸ್ ಅಂತ. ಪಾಯಿಂಟ್ ಯಾವಾಗ ಶುರು ಮಾಡಬೇಕು ಅನ್ನುವುದಕ್ಕೆ ಅವರ ಮಾರ್ಗಸೂಚಿ ಇದೆ. 12 ವರ್ಷಕ್ಕಿಂತ ಮೊದಲು ಬೇಡ. ವಾರಕ್ಕೆ ಒಂದೇ ಕ್ಲಾಸ್ ಇದ್ದರೆ ಪಾಯಿಂಟ್‌ಗೆ ಪ್ರೋತ್ಸಾಹವನ್ನೇ ಕೊಡಬೇಡಿ. ವಾರಕ್ಕೆ ಎರಡು ಕ್ಲಾಸ್ ಇದ್ದು, ಬೇರೆ ಯಾವ ಅಡ್ಡಿಯೂ ಇಲ್ಲದಿದ್ದರೆ ಕಲಿಕೆಯ ನಾಲ್ಕನೇ ವರ್ಷದಲ್ಲಿ ಶುರು ಮಾಡಬಹುದು. ಹೊಟ್ಟೆ, ಸೊಂಟ, ಕಾಲಿನ ಬಲ ಸಾಲದಿದ್ದರೆ ಮುಂದಕ್ಕೆ ಹಾಕಿ. ಪಾದದ ಕೀಲು ಹಗ್ಗದ ಹಾಗೆ ಎತ್ತ ಬೇಕಾದರೂ ಬಾಗುವ ಮಕ್ಕಳಿಗೂ ತಡ ಮಾಡಿ. ನೋಡುವವರು ಅಂಥ ಪಾದವನ್ನೇ "ಎಷ್ಟು ಚೆಂದ ಬಾಗುತ್ತೆ" ಅಂತ ಹೊಗಳುತ್ತಾರೆ, ಜಾಸ್ತಿ ಉಳುಕುವುದೂ ಅಂಥ ಪಾದವೇ.

ಮನೆಯಲ್ಲಿ ಒಂದು ನೋಡಿ. ಬರಿಗಾಲಲ್ಲಿ ಒಂದೇ ಕಾಲ ಮೇಲೆ ನಿಲ್ಲಿಸಿ. ಮೈ ಮುಂದಕ್ಕೆ ಬಗ್ಗಲಿ, ಇನ್ನೊಂದು ಕಾಲು ಹಿಂದಕ್ಕೆ ನೇರ ಚಾಚಲಿ, ವಿಮಾನದ ಆಕಾರ. ಹಾಗೇ ನಿಂತ ಕಾಲಿನ ಮಂಡಿ ಮಡಚಿ ಕೈ ನೆಲಕ್ಕೆ ತಾಗಿಸಿ ಮೇಲೇಳಲಿ. ಮಂಡಿ ಒಳಕ್ಕೆ ವಾಲುತ್ತದಾ, ಸೊಂಟ ಒಂದು ಕಡೆ ಜಾರುತ್ತದಾ ನೋಡಿ. ಇಂಥ ಪರೀಕ್ಷೆಗಳನ್ನು ಸೇರಿಸಿಯೇ ನಾವು ಹೇಳುವುದು, ಇದೊಂದರಿಂದಲೇ ತೀರ್ಮಾನ ಮಾಡಬೇಡಿ. ಆದರೆ ಮಗಳಿಗೆ ತಾನು ಯಾಕೆ ಕಾಯಬೇಕು ಅನ್ನುವುದು ಅವಳ ಕಾಲೇ ತೋರಿಸುತ್ತದೆ. ಬರೀ "ರೆಡಿ ಇಲ್ಲ" ಅನ್ನುವ ಮಾತಿಗೆ ಅಳು ಬರುವುದು ಸಹಜ. ಇಂಥದ್ದು ಗಟ್ಟಿಯಾಗಬೇಕು ಅಂದರೆ ಅದಕ್ಕೆ ಅಭ್ಯಾಸ ಮಾಡುತ್ತಾಳೆ.

ಮತ್ತೆ, ಮನೆಯಲ್ಲಿ ಸುಮ್ನೆ ಹಾಕಿಕೊಂಡು ಖುಷಿಪಡುವ ಮಾತು ಬೇಡವೇ ಬೇಡ. ನೋಡುವವರಿಲ್ಲದ ಕಡೆ, ಟೈಲ್ಸ್ ನೆಲದ ಮೇಲೆ ಜಾರಿದರೆ ನನ್ನಂಥವರಿಗೇ ಕೆಲಸ.

ಕಾರಲ್ಲಿ ಕಾಯುವ ಅಪ್ಪ

ನನ್ನ ಹೆಸರೇ ನನ್ನ ಕೆಲಸ. ಮಗಳು ಭರತನಾಟ್ಯ, ವಿಜಯನಗರ. ಕ್ಲಾಸ್ ಸಂಜೆ, ಪಾರ್ಕಿಂಗ್ ಇಲ್ಲ, ನಾನು ಕಾರಲ್ಲೇ.

ಡಾನ್ಸ್ ಗೊತ್ತಿಲ್ಲದ ಪೋಷಕರು ಏನು ಮಾಡಬಹುದು ಅಂತ ಕೇಳಿದ್ದೀರಿ. ತಾಳ ಕಲಿಯಿರಿ ಮೇಡಂ. ನಿಜವಾಗಿ. ಎಣಿಕೆ ಹೀಗೆ: ತಿಶ್ರ 3, ಚತುರಶ್ರ 4, ಖಂಡ 5, ಮಿಶ್ರ 7, ಸಂಕೀರ್ಣ 9. ಇಷ್ಟು ಗೊತ್ತಿದ್ದರೆ ಮನೆಯಲ್ಲಿ ಮಗು ಅಡವು, ಅಂದರೆ ಮೂಲ ಹೆಜ್ಜೆಗಳನ್ನು ಮಾಡುವಾಗ ಕೈಯಲ್ಲಿ ತಾಳ ಹಾಕಿ ಕೂರಬಹುದು. ತಪ್ಪು ಹೇಳುವುದು ನಮ್ಮ ಕೆಲಸ ಅಲ್ಲ, ತಾಳ ಹಿಡಿಯುವುದಷ್ಟೇ. ಥಿಯರಿ ಪರೀಕ್ಷೆ ಹತ್ತಿರ ಬಂದಾಗ ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಒಂದೇ ಕೈಯ ಮುದ್ರೆಗಳಾದ ಅಸಂಯುತ ಹಸ್ತ 28ನ್ನೂ ಒಪ್ಪಿಸುತ್ತಾಳೆ, ನಾನು ಸ್ಟೀರಿಂಗ್ ಬಿಟ್ಟು ಕರ್ತರೀಮುಖ ತೋರಿಸಿದರೆ ಪಕ್ಕದ ಆಟೋದವನು ತನಗೇ ಏನೋ ಸನ್ನೆ ಮಾಡಿದೆ ಅಂದುಕೊಳ್ಳುತ್ತಾನೆ.

ಊಟದ ವಿಷಯವೂ ನಮ್ಮದೇ. ಸ್ಕೂಲ್ ಬಿಟ್ಟು ನೇರ ಕ್ಲಾಸ್‌ಗೆ ಹೋಗುವ ಮಕ್ಕಳು ಖಾಲಿ ಹೊಟ್ಟೆಯಲ್ಲಿ ಕುಣಿಯುತ್ತಾರೆ. ನಮ್ಮ ಮನೆಯಲ್ಲಿ ಬಾಳೆಹಣ್ಣು, ಚಪಾತಿ ರೋಲ್, ಇಲ್ಲ ರಾಗಿ ಹುರಿಹಿಟ್ಟು ಕಲಸಿದ್ದು ಡಬ್ಬಿಗೆ. ಕ್ಲಾಸಿಗೆ ಒಂದು ಗಂಟೆ ಮೊದಲೇ ತಿಂದಾಗಬೇಕು. ಹೊಟ್ಟೆ ತುಂಬಾ ತಿಂದು ಅರೆಮಂಡಿ, ಅಂದರೆ ಮಂಡಿ ಮಡಚಿ ಅರ್ಧ ಕೂತರೆ ಏನಾಗುತ್ತದೆ ಅಂತ ಅವಳನ್ನೇ ಕೇಳಿ.

ತಟ್ಟುಮಣೆ

ನಾನು ಭರತನಾಟ್ಯ ಟೀಚರ್, ಇಪ್ಪತ್ತು ವರ್ಷದ ಮೇಲಾಯಿತು. ಬ್ಯಾಲೆ ನನ್ನ ವಿಷಯ ಅಲ್ಲ. ಆದರೆ "ಯಾವಾಗ" ಅನ್ನುವ ಪ್ರಶ್ನೆ ನಮ್ಮಲ್ಲೂ ದಿನಾ ಬರುತ್ತದೆ, ಶೂ ಬದಲು ಗೆಜ್ಜೆ, ಆಮೇಲೆ ರಂಗಪ್ರವೇಶ.

ಅರೆಮಂಡಿ ವಿಷಯದಿಂದ ಶುರು ಮಾಡುತ್ತೇನೆ, ಇದು ಪೋಷಕರಿಗೆ ಗೊತ್ತಿರಬೇಕು. ಪಾದ ಎರಡೂ ಪಕ್ಕಕ್ಕೆ ತಿರುಗಬೇಕು ಅಂತ ಮಕ್ಕಳು ಪಾದವನ್ನಷ್ಟೇ ತಿರುಗಿಸುತ್ತಾರೆ. ತಿರುಗಬೇಕಾದದ್ದು ತೊಡೆ, ಸೊಂಟದ ಕೀಲಿನಿಂದ. ಮಂಡಿ ಪಾದ ನೋಡುವ ದಿಕ್ಕನ್ನೇ ನೋಡಬೇಕು. ಮಂಡಿ ಮುಂದಕ್ಕೆ ಉಳಿದು ಪಾದ ಮಾತ್ರ ಪಕ್ಕಕ್ಕೆ ಹೋದರೆ ನಡುವೆ ತಿರುಚಿಕೊಳ್ಳುವುದು ಮಂಡಿಯೇ. ಬ್ಯಾಲೆಯಲ್ಲಿ ಟರ್ನ್‌ಔಟ್ ಅನ್ನುತ್ತಾರಲ್ಲ, ಅಲ್ಲೂ ಇದೇ ಕಥೆ. ಎಲ್ಲರ ಸೊಂಟದ ಮೂಳೆ ಒಂದೇ ಥರ ಇರುವುದಿಲ್ಲ, ಹಾಗಾಗಿ ಎಲ್ಲರೂ ಅಷ್ಟೇ ತಿರುಗುವುದಿಲ್ಲ. ಪಕ್ಕದ ಹುಡುಗಿಯ ಜೊತೆ ಹೋಲಿಸಿ "ನೀನ್ಯಾಕೆ ಅಷ್ಟು ಕೂರಲ್ಲ" ಅನ್ನುವ ಅಮ್ಮಂದಿರು ದಯವಿಟ್ಟು ನಿಲ್ಲಿಸಿ.

ನೆಲ. ಇದನ್ನು ಯಾರೂ ಕೇಳುವುದಿಲ್ಲ, ಫೀಸ್ ಮಾತ್ರ ಕೇಳುತ್ತಾರೆ. ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ನ ವಿಟ್ರಿಫೈಡ್ ಟೈಲ್ಸ್, ಅದರ ಕೆಳಗೆ ಕಾಂಕ್ರೀಟ್. ಅದರ ಮೇಲೆ ವಾರಪೂರ್ತಿ ತಟ್ಟಡವು ತಟ್ಟಿದರೆ ಹಿಮ್ಮಡಿ, ಮುಂಗಾಲಿನ ಎಲುಬು, ಬೆನ್ನು ಎಲ್ಲ ನೋಯುತ್ತವೆ. ಬ್ಯಾಲೆ ಸ್ಟುಡಿಯೋಗಳಲ್ಲಿ ಕೆಳಗೆ ಸ್ವಲ್ಪ ಸ್ಪ್ರಿಂಗ್ ಕೊಡುವ ಮರದ ನೆಲ ಹಾಕಿಸುವುದು ಇದಕ್ಕೇ. ನಮ್ಮ ಎಷ್ಟೋ ಕ್ಲಾಸ್‌ಗಳಲ್ಲಿ ಅದಿಲ್ಲ. ಸೇರಿಸುವ ಮೊದಲು ಚಪ್ಪಲಿ ಬಿಟ್ಟು ಆ ನೆಲದ ಮೇಲೆ ನೀವೇ ನಾಲ್ಕು ಸಲ ಹಾರಿ ನೋಡಿ.

ಸಂಗೀತ ನೃತ್ಯ ಪರೀಕ್ಷೆಗಳ ಬಗ್ಗೆ ಗೊಂದಲ ಇದ್ದವರಿಗೆ: ಜೂನಿಯರ್, ಸೀನಿಯರ್, ವಿದ್ವತ್ ಮೊದಲು ಎಸ್‌ಎಸ್‌ಎಲ್‌ಸಿ ಬೋರ್ಡ್ ಕೈಯಲ್ಲಿತ್ತು, ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ನಡೆಸುತ್ತದೆ. ಪ್ರಾಯೋಗಿಕವೂ ಇದೆ, ಬರೆಯುವ ಪರೀಕ್ಷೆಯೂ ಇದೆ. ಒಂದು ಗುರಿ ಸಿಗುತ್ತದೆ, ಒಳ್ಳೆಯದೇ. ಆದರೆ ಜೂನಿಯರ್ ಪಾಸಾದ ತಕ್ಷಣ "ರಂಗಪ್ರವೇಶ ಯಾವಾಗ ಮಿಸ್?" ಅಂತ ಕೇಳಬೇಡಿ.

ರಾಜಾಜಿನಗರ ತಂದೆ

ತಟ್ಟುಮಣೆ ಮೇಡಂ, ಕೇಳುವುದಕ್ಕೆ ನಮಗೂ ಕಾರಣ ಇದೆ. ಒಂಬತ್ತನೇ ಕ್ಲಾಸಿಗೆ ಬಂದರೆ ಟ್ಯೂಷನ್, ಹತ್ತನೇದು ಬೋರ್ಡ್, ಆಮೇಲೆ ಪಿಯುಸಿ, ಸಿಇಟಿ, ನೀಟ್. ಎಂಟನೇ ಕ್ಲಾಸಿನ ಬೇಸಿಗೆ ರಜೆ ಬಿಟ್ಟರೆ ಮತ್ತೆ ಯಾವಾಗ? ಇಷ್ಟು ವರ್ಷ ಕಲಿತದ್ದು ಒಂದು ಸಲ ಪೂರ್ತಿ ವೇದಿಕೆ ಮೇಲೆ ಬರಲಿ ಅಂತ ಆಸೆಪಡುವುದು ತಪ್ಪಾ? ನಾವು ಆಡಿಟೋರಿಯಂ ಬುಕ್ ಮಾಡಿಯಾಗಿದೆ.

ತಟ್ಟುಮಣೆ

ಆಸೆ ತಪ್ಪಲ್ಲ ಸರ್. ಆದರೆ ಎಷ್ಟು ನೃತ್ಯ ಬೇಕು ಲೆಕ್ಕ ಹಾಕಿ. ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನ. ವರ್ಣವೊಂದೇ ಅರ್ಧ ಗಂಟೆಗೆ ಕಡಿಮೆ ಇಲ್ಲ. ಅದರಲ್ಲಿ ನಾಯಕಿ ತನ್ನ ಸ್ವಾಮಿಯನ್ನು ಕರೆತಾ ಅಂತ ಸಖಿಯನ್ನು ಬೇಡುತ್ತಾಳೆ. ಹದಿಮೂರು ವರ್ಷದ ಮಗು ಅದನ್ನು ನನ್ನ ಮುಖ ನೋಡಿ ನಕಲು ಮಾಡುತ್ತದೆ, ಅಷ್ಟೇ. ಎರಡು ಗಂಟೆ ಒಬ್ಬಳೇ ಕುಣಿಯುವ ದಮ್ಮು ಬರಬೇಕಾದರೆ ವರ್ಷಗಟ್ಟಲೆ ಬೇಕು. ಅದನ್ನು ಒಂದು ಬೇಸಿಗೆಯಲ್ಲಿ ತುರುಕಿದಾಗ ಮಂಡಿ ಹಿಡಿದುಕೊಂಡು ಬರುತ್ತಾರೆ.

ನಡುವೆ ಗೆಜ್ಜೆಪೂಜೆ ಇದೆಯಲ್ಲ. ನಾಲ್ಕೈದು ನೃತ್ಯ, ಮನೆಯವರು, ಗುರುಗಳು, ಹತ್ತಿರದ ನೆಂಟರು. ಅದನ್ನು ಚೆನ್ನಾಗಿ ಮಾಡಿ. ಮಕ್ಕಳಿಗೆ ವೇದಿಕೆಯ ಭಯ ಹೋಗುತ್ತದೆ, ನಿಮಗೆ ಸಾಲ ಆಗುವುದಿಲ್ಲ. ನೀಟ್ ಮುಗಿಸಿ ಇಪ್ಪತ್ತಕ್ಕೆ ರಂಗಪ್ರವೇಶ ಮಾಡಿದವರು ನನ್ನ ಹತ್ತಿರವೇ ಇದ್ದಾರೆ.

ರಾಜಾಜಿನಗರ ತಂದೆ

ಇಪ್ಪತ್ತಕ್ಕೆ ಅವಳು ಯಾವ ಊರಲ್ಲಿರುತ್ತಾಳೋ ಯಾರಿಗೆ ಗೊತ್ತು. ಎಲ್ಲರ ಮನೆ ಪರಿಸ್ಥಿತಿಯೂ ಒಂದೇ ಅಲ್ಲ. ನಮ್ಮ ಗುರುಗಳು ಒಪ್ಪಿದ್ದಾರೆ, ಮಗಳಿಗೂ ಇಷ್ಟ ಇದೆ, ಮಾಡುತ್ತೇವೆ.

ಖರ್ಚಿನ ಲೆಕ್ಕ

ಇಬ್ಬರ ನಡುವೆ ಬರುತ್ತಿದ್ದೇನೆ ಅಂದುಕೊಳ್ಳಬೇಡಿ. ಮಾಡುವುದೇ ಆದರೆ ದುಡ್ಡಿನ ಬಗ್ಗೆ ಮೊದಲೇ ಬಾಯಿಬಿಟ್ಟು ಮಾತಾಡಿ. ಕಳೆದ ವರ್ಷ ನಮ್ಮ ಮನೆಯಲ್ಲಿ ಆಯಿತು. ಹಾಲ್ ಬಾಡಿಗೆ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಬೇರೆ. ಗಾಯನ, ಮೃದಂಗ, ಕೊಳಲು, ಪಿಟೀಲು ಕಲಾವಿದರಿಗೆ ಕಾರ್ಯಕ್ರಮದ ದಿನಕ್ಕಷ್ಟೇ ಅಲ್ಲ, ರಿಹರ್ಸಲ್‌ಗೂ ಸಂಭಾವನೆ. ಲೈಟಿಂಗ್, ಮೇಕಪ್, ವಿಡಿಯೋ, ಆಹ್ವಾನ ಪತ್ರಿಕೆ, ಬಂದವರ ಊಟ, ನೆನಪಿನ ಕಾಣಿಕೆ, ಗುರುದಕ್ಷಿಣೆ. ಒಂದೊಂದೂ ಸಣ್ಣದು ಅನ್ನಿಸುತ್ತದೆ, ಸೇರಿದಾಗ ಲಕ್ಷಗಳು. ಗುರುಗಳನ್ನು ದುಡ್ಡು ಕೇಳುವುದು ಮರ್ಯಾದೆ ಅಲ್ಲ ಅಂತ ಸಂಕೋಚಪಟ್ಟುಕೊಂಡು ಕೂತರೆ ಕೊನೆಯ ವಾರ ಚೀಟಿ ಮೇಲೆ ಚೀಟಿ ಬರುತ್ತದೆ. ಏನೇನು, ಎಷ್ಟೆಷ್ಟು, ಯಾವಾಗ ಕೊಡಬೇಕು ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.

ಡ್ರೆಸ್ ಹೊಲಿಸುವಾಗ ಒಳಗೆ ಬಟ್ಟೆ ಜಾಸ್ತಿ ಬಿಡಲು ಹೇಳಿ, ಆಮೇಲೆ ಬಿಚ್ಚಿ ದೊಡ್ಡದು ಮಾಡಬಹುದು. ನೆತ್ತಿಬೊಟ್ಟು, ಸೂರ್ಯ ಚಂದ್ರ, ಡಾಬು, ವಂಕಿ ಸೆಟ್ ಒಂದೇ ಸಲ ಕೊಳ್ಳಿ, ಅದು ಉಳಿಯುತ್ತದೆ. ಸಣ್ಣ ಕಾರ್ಯಕ್ರಮಗಳಿಗೆ ಡ್ರೆಸ್ ಬಾಡಿಗೆಗೆ ಸಿಗುತ್ತದೆ, ನಾಚಿಕೆ ಏನಿಲ್ಲ.

ಮಗುವಿಗೆ 10ರಿಂದ 14 ವರ್ಷ ಇದ್ದರೆ ಸಿಸಿಆರ್‌ಟಿಯ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ. ಕೇಂದ್ರ ಸಂಸ್ಕೃತಿ ಇಲಾಖೆಯದು. ಅದರಿಂದ ಫೀಸ್ ಪೂರ್ತಿ ಆಗಲಿಕ್ಕಿಲ್ಲ, ಆದರೂ ಬಿಡಬೇಡಿ.

ಕುಂದಾಪುರದವ

ನಮ್ಮ ಮಗ ಒಂಬತ್ತು ವರ್ಷ. ಬೆಂಗಳೂರಿಗೆ ಬಂದ ಮೇಲೆ ಕಥಕ್ ಸೇರಿಸಿದೆವು, ಕ್ಲಾಸಲ್ಲಿ ಅವನೊಬ್ಬನೇ ಗಂಡು ಹುಡುಗ. ಸ್ಕೂಲಲ್ಲಿ ಕಾಡಿಸುತ್ತಾರೆ. ಅವನು ಬಿಡಲು ತಯಾರಿಲ್ಲ, ಆದರೆ ಗೆಜ್ಜೆ ಬ್ಯಾಗನ್ನು ಸ್ಕೂಲ್ ವ್ಯಾನಿನಲ್ಲಿ ತರುವುದಿಲ್ಲ. ನನಗೆ ಇದು ತಮಾಷೆ ಅನ್ನಿಸುತ್ತದೆ, ಯಾಕೆಂದರೆ ನಮ್ಮೂರ ಕಡೆ ಗಂಡಸರು ಗೆಜ್ಜೆ ಕಟ್ಟಿ ಬೆಳಗಿನವರೆಗೆ ಯಕ್ಷಗಾನ ಕುಣಿಯುವುದನ್ನು ಇಡೀ ಊರು ಕೂತು ನೋಡುತ್ತದೆ. ಯಾರಾದರೂ ಗಂಡು ಮಕ್ಕಳ ಪೋಷಕರು ಇದ್ದೀರಾ?

ಸೆಂಟ್ರಲ್ ಕಾಲೇಜ್ ಹಳಬ

ಪೋಷಕ ಅಲ್ಲ, ತಾತ. ಯು. ಎಸ್. ಕೃಷ್ಣರಾವ್ ಹೆಸರು ಕೇಳಿದ್ದೀರಾ? ಸೆಂಟ್ರಲ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪ್ರೊಫೆಸರ್. ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಅವರ ಹತ್ತಿರ ಭರತನಾಟ್ಯ ಕಲಿತು, ಹೆಂಡತಿ ಚಂದ್ರಭಾಗಾದೇವಿ ಜೊತೆ ದೇಶ ವಿದೇಶದಲ್ಲಿ ಕುಣಿದವರು. ಕಾಡಿಸುವ ಮಕ್ಕಳಿಗಿಂತ ಹೆಚ್ಚಾಗಿ ಅವರ ಅಪ್ಪಂದಿರಿಗೆ ಇದನ್ನು ಹೇಳಿ.

ಬ್ಯಾಲೆಯಲ್ಲೂ ಇದ್ದಾರೆ. ದೆಹಲಿಯ ಕಮಲ್ ಸಿಂಗ್, ಇ-ರಿಕ್ಷಾ ಓಡಿಸುವವರ ಮಗ, ಬ್ಯಾಲೆ ಶುರು ಮಾಡಿದ್ದೇ ಹದಿನೇಳಕ್ಕೆ. 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಯಲ್ಲಿ ಸೀಟು ಸಿಕ್ಕಿತು, ಫೀಸಿಗೆ ಜನರಿಂದ ಹಣ ಎತ್ತಿದರು. ಮುಂಬೈಯ ಅಮೀರುದ್ದೀನ್ ಶಾ ಲಂಡನ್ನಿನ ರಾಯಲ್ ಬ್ಯಾಲೆ ಶಾಲೆಗೆ ಹೋದರು, ಅವರ ತಂದೆ ವೆಲ್ಡರ್. ಹುಡುಗಿಯರಿಗೆ ಹದಿನೇಳಕ್ಕೆ ಶುರು ಮಾಡಿ ಅಲ್ಲಿಗೆ ಹೋಗುವುದು ತುಂಬಾ ಕಷ್ಟ ಅನ್ನುತ್ತಾರೆ, ಅದು ಬೇರೆ ಮಾತು.

ಕುಂದಾಪುರದವ

ಧನ್ಯವಾದ ಸರ್. ಕೆಮಿಸ್ಟ್ರಿ ಪ್ರೊಫೆಸರ್ ಅನ್ನುವುದನ್ನು ನನ್ನ ಹೆಂಡತಿಯ ಅಣ್ಣನಿಗೆ ಇವತ್ತೇ ಹೇಳುತ್ತೇನೆ.

ಒಂದು ಕಾಲದ ವಿದ್ಯಾರ್ಥಿನಿ

ಇಲ್ಲಿ ಪೋಷಕರೇ ಮಾತಾಡುತ್ತಿದ್ದೀರಿ, ಕಲಿತವರ ಕಡೆಯಿಂದ ಒಂದೆರಡು ಮಾತು. ನಾನು ಹನ್ನೆರಡು ವರ್ಷ ಕಲಿತೆ, ಈಗ ಕುಣಿಯುವುದಿಲ್ಲ.

ನಮ್ಮ ಕ್ಲಾಸಿನಲ್ಲಿ ಹುಡುಗಿಯರ ತೂಕದ ಬಗ್ಗೆ ಎಲ್ಲರ ಎದುರಿಗೆ ಮಾತಾಡುತ್ತಿದ್ದರು. "ಡ್ರೆಸ್ ಬಿಗಿಯಾಯಿತಾ, ಅನ್ನ ಬಿಡು" ಅಂತ. ನಮ್ಮಮ್ಮ ಒಂದು ದಿನ ಒಳಗೆ ಬಂದು, ಜಗಳ ಆಡದೆ, "ಮಿಸ್, ಅವಳ ಊಟದ ವಿಷಯ ನನಗೆ ಬಿಡಿ, ನೃತ್ಯದ ವಿಷಯ ಪೂರ್ತಿ ನಿಮ್ಮದು" ಅಂದರು. ಅವತ್ತಿನಿಂದ ನನ್ನ ವಿಷಯಕ್ಕೆ ಆ ಮಾತು ನಿಂತಿತು. ಜೊತೆಯ ಹುಡುಗಿಯೊಬ್ಬಳು ರಾತ್ರಿ ಊಟವನ್ನೇ ಬಿಟ್ಟಿದ್ದಳು, ಅವಳ ಮನೆಯಲ್ಲಿ ಗೊತ್ತಾಗುವ ಹೊತ್ತಿಗೆ ಬಹಳ ತಡವಾಗಿತ್ತು, ಮುಟ್ಟು ನಿಂತೇ ಹೋಗಿತ್ತು.

ಅಮ್ಮಂದಿರೇ, ಮಗಳ ಮುಟ್ಟಿನ ಲೆಕ್ಕ ಇಡಿ. "ಡಾನ್ಸ್ ಮಾಡುವವರಿಗೆ ಹೀಗೇ ಆಗುತ್ತೆ" ಅಂತ ಯಾರು ಹೇಳಿದರೂ ನಂಬಬೇಡಿ.

ಫಿಸಿಯೋ, ಹುಬ್ಬಳ್ಳಿ

ಇದಕ್ಕೆ ನನ್ನದೂ ಒತ್ತು. 15 ತುಂಬಿದರೂ ಮೈನೆರೆಯದಿದ್ದರೆ, ಅಥವಾ ಬರುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ ಡಾಕ್ಟರಿಗೆ ತೋರಿಸಬೇಕು. ಕುಣಿಯುವಷ್ಟು ಉಣ್ಣದಿದ್ದರೆ ಮೈ ಮೊದಲು ಅದನ್ನೇ ನಿಲ್ಲಿಸುತ್ತದೆ, ಆಮೇಲೆ ಎಲುಬು ಸವೆಯುತ್ತದೆ, ಸಣ್ಣ ಸಣ್ಣ ಬಿರುಕು ಬರುತ್ತವೆ.

ಇನ್ನೊಂದು. ಹುಡುಗಿಯರು ಹನ್ನೊಂದು ಹದಿಮೂರರ ನಡುವೆ ಸರ‍್ರನೆ ಉದ್ದವಾಗುತ್ತಾರೆ. ಎಲುಬು ಮುಂದೆ ಓಡುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ನಿನ್ನೆ ಬಾಗುತ್ತಿದ್ದ ಮೈ ಇವತ್ತು ಬಾಗುವುದಿಲ್ಲ, ತಿರುಗುವಾಗ ತೂಕ ತಪ್ಪುತ್ತದೆ. ಟೀಚರ್‌ಗೂ ಅಪ್ಪ ಅಮ್ಮನಿಗೂ ಅದು ಸೋಮಾರಿತನದ ಥರ ಕಾಣುತ್ತದೆ. ಮಂಡಿ ಚಿಪ್ಪಿನ ಸ್ವಲ್ಪ ಕೆಳಗೆ ಗಂಟಿನ ಥರ ಉಬ್ಬಿ ಮುಟ್ಟಿದರೆ ನೋಯುವುದು ಆಸ್‌ಗುಡ್ ಶ್ಲಾಟರ್, ಹಿಮ್ಮಡಿಯ ಹಿಂದೆ ನೋಯುವುದು ಸಿವರ್ಸ್ ಇರಬಹುದು. ಹೆಸರು ಕೇಳಿ ಹೆದರಬೇಡಿ, ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ಹೋಗುತ್ತವೆ. ಆದರೆ ಆ ದಿನಗಳಲ್ಲಿ ಹಾರುವುದು, ತಟ್ಟುವುದು, ಪೂರ್ಣಮಂಡಿ ಕಡಿಮೆ ಮಾಡಬೇಕು. ಕ್ಲಾಸ್ ಬಿಡಿಸಬೇಕಂತಿಲ್ಲ. ಕೂತು ಅಭಿನಯ ಕಲಿಯಲಿ, ತಾಳ ಹಾಕಲಿ, ಬ್ಯಾಲೆ ಆದರೆ ಬಾರ್, ಅಂದರೆ ಆಸರೆಯ ಕಂಬಿ ಹಿಡಿದು ಕೈ ಕೆಲಸ ಮಾಡಲಿ. ಟೀಚರ್‌ಗೆ ಚೀಟಿ ಬರೆದುಕೊಡಿ ಅಂದರೆ ಯಾವ ಫಿಸಿಯೋ ಆದರೂ ಬರೆದುಕೊಡುತ್ತಾರೆ.

ಜಯನಗರ ಚಿಕ್ಕಮ್ಮ

ಒಂದು ಸೂಕ್ಷ್ಮ ವಿಷಯ. ಕ್ಲಾಸಿನೊಳಗೆ ಪೋಷಕರನ್ನು ಬಿಡದಿದ್ದರೆ ಒಪ್ಪಿಕೊಳ್ಳಬೇಕಾ? ಅಕ್ಕನ ಮಗಳ ಕ್ಲಾಸಿನಲ್ಲಿ ಬಾಗಿಲು ಹಾಕಿ ಚಿಲಕವನ್ನೂ ಹಾಕುತ್ತಾರೆ.

ತಟ್ಟುಮಣೆ

ಒಳಗೆ ಕೂರಿಸದೇ ಇರುವುದಕ್ಕೆ ಕಾರಣ ಇದೆ. ಅಮ್ಮ ಇದ್ದರೆ ಮಗುವಿನ ಕಣ್ಣು ಅಮ್ಮನ ಮುಖದ ಮೇಲೆ. ನಾನೂ ಬಿಡುವುದಿಲ್ಲ. ಆದರೆ ಚಿಲಕ ಯಾಕೆ? ನನ್ನ ಕ್ಲಾಸಿಗೆ ಕಿಟಕಿ ಇದೆ, ಯಾರು ಯಾವಾಗ ಬೇಕಾದರೂ ನೋಡಬಹುದು. ಮೈ ಮುಟ್ಟಿ ತಿದ್ದಬೇಕಾದಾಗ "ಭುಜ ಸರಿ ಮಾಡಲಾ?" ಅಂತ ಕೇಳುತ್ತೇನೆ, ಕಡ್ಡಿ ತೋರಿಸಿ ಹೇಳುವುದೇ ಹೆಚ್ಚು. ಚಿಲಕ ತೆಗೆಸಿ ಅನ್ನಿ. ತೆಗೆಯದಿದ್ದರೆ ಬೇರೆ ಕ್ಲಾಸ್ ನೋಡಿ, ಎಷ್ಟೇ ದೊಡ್ಡ ಹೆಸರಿರಲಿ. ಮಗು ಏನಾದರೂ ಹೇಳಿದರೆ ಮೊದಲು ನಂಬಿ. ಪೋಕ್ಸೊ ಕಾನೂನು ಇದೆ, ಮಕ್ಕಳ ಸಹಾಯವಾಣಿ 1098 ಇದೆ.

ರೆಡಿಂಗ್‌ನಿಂದ

ಇಲ್ಲಿನ ವ್ಯವಸ್ಥೆ ನೋಡಿ ನನಗೆ ಮೊದಲು ಅತಿ ಅನ್ನಿಸುತ್ತಿತ್ತು. ಟಿಕೆಟ್ ಇಟ್ಟ ದೊಡ್ಡ ಪ್ರದರ್ಶನದಲ್ಲಿ ಶಾಲಾ ವಯಸ್ಸಿನ ಮಕ್ಕಳು ಕುಣಿಯಬೇಕಾದರೆ ಎಷ್ಟೋ ಸಲ ಕೌನ್ಸಿಲ್‌ನಿಂದ ಲೈಸೆನ್ಸ್ ಬೇಕು. ವೇದಿಕೆ ಹಿಂದೆ ನೋಡಿಕೊಳ್ಳಲು ಶಾಪರೋನ್ ಇರಬೇಕು, ಅವರಿಗೂ ಕೌನ್ಸಿಲ್ ಒಪ್ಪಿಗೆ ಬೇಕು, ಒಬ್ಬರ ಕೈಕೆಳಗೆ 12 ಮಕ್ಕಳಿಗಿಂತ ಜಾಸ್ತಿ ಇರುವಂತಿಲ್ಲ. ಈಗ ಊರಿಗೆ ಬಂದು ಸಭಾಂಗಣದ ಗ್ರೀನ್ ರೂಮಿನಲ್ಲಿ ಮಕ್ಕಳು, ಮೇಕಪ್‌ನವರು, ಲೈಟಿನವರು, ಕಾಫಿ ತರುವವರು ಎಲ್ಲ ಒಟ್ಟಿಗೆ ಓಡಾಡುವುದನ್ನು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಲೈಸೆನ್ಸ್ ಇಲ್ಲದಿದ್ದರೆ ಬೇಡ, ಇಬ್ಬರು ಅಮ್ಮಂದಿರು ಬಾಗಿಲಲ್ಲಿ ಕೂರುವುದನ್ನು ಯಾರು ಬೇಡ ಅನ್ನುತ್ತಾರೆ?

ಬನಶಂಕರಿ ಅಮ್ಮ, ನಿಮ್ಮ ಮಗಳು ಪರೀಕ್ಷೆ ಏನಾದರೂ ಬರೆಯುತ್ತಿದ್ದಾಳಾ? ರಾಯಲ್ ಅಕಾಡೆಮಿ ಆಫ್ ಡಾನ್ಸ್‌ನ ಗ್ರೇಡ್ 1ರಿಂದ 8ರವರೆಗಿನ ಪರೀಕ್ಷೆಗಳು ಭಾರತದಲ್ಲೂ ನಡೆಯುತ್ತವೆ. ಅವುಗಳ ಪಕ್ಕದಲ್ಲಿ ಇಂಟರ್‌ಮೀಡಿಯೆಟ್ ಫೌಂಡೇಷನ್‌ನಿಂದ ಶುರುವಾಗುವ ಇನ್ನೊಂದು ಸಾಲು ಇದೆ, ಹುಡುಗಿಯರಿಗೆ ಪಾಯಿಂಟ್ ಬೇಕಾಗುವುದು ಆ ಸಾಲಿನಲ್ಲಿ. ಹಾಗಾಗಿ ಈಗ ಪಾಯಿಂಟ್ ಇಲ್ಲ ಅಂದರೆ ಹಿಂದೆ ಬಿದ್ದಳು ಅಂತಲ್ಲ.

ನ್ಯೂಜೆರ್ಸಿ ಮಾಮ

ನಮ್ಮ ಕಡೆ ಅಕ್ಟೋಬರ್ ಬಂದರೆ ಶನಿವಾರ ಭಾನುವಾರ ಎಲ್ಲ ನಟ್‌ಕ್ರ್ಯಾಕರ್ ರಿಹರ್ಸಲ್‌ಗೆ. 1892ರಲ್ಲಿ ರಷ್ಯಾದಲ್ಲಿ ಶುರುವಾದ ಬ್ಯಾಲೆ, ಈಗ ಅಮೆರಿಕದ ಡಿಸೆಂಬರ್ ಪೂರ್ತಿ ಅದೇ. ಪೋಷಕರೂ ಇಷ್ಟು ಗಂಟೆ ಕೆಲಸ ಮಾಡಲೇಬೇಕು ಅಂತ ಶಾಲೆಯವರು ಬರೆಸಿಕೊಳ್ಳುತ್ತಾರೆ. ನನಗೆ ಸಿಕ್ಕಿದ್ದು ಲಾಬಿಯಲ್ಲಿ ಹೂವು ಮಾರುವ ಕೆಲಸ. ಕನ್ನಡ ಕೂಟದ ರಾಜ್ಯೋತ್ಸವಕ್ಕೂ ಅದೇ ದಿನ ಡಾನ್ಸ್ ಇತ್ತು. ಮಗಳು ಮಧ್ಯಾಹ್ನ ಇಲಿಯ ವೇಷ, ಸಂಜೆ ಒನಕೆ ಓಬವ್ವ. ಮುಖದ ಬಣ್ಣ ಪೂರ್ತಿ ಹೋಗಿರಲಿಲ್ಲ, ಓಬವ್ವನಿಗೆ ಮೀಸೆ ಇತ್ತು.

ಕಾರಲ್ಲಿ ಕಾಯುವ ಅಪ್ಪ

ಹೈದರಾಲಿ ಸೈನ್ಯ ಹೆದರಿದ್ದು ಅದಕ್ಕೇ ಇರಬೇಕು.

ಬನಶಂಕರಿ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆಯಲು ಆಗಲಿಲ್ಲ, ಕ್ಷಮಿಸಿ.

ಆರ್ಡರ್ ತೆಗೆಸಿದೆ. ಟೀಚರ್ ಹತ್ತಿರ ಹೋಗಿ "ಏನು ಗಟ್ಟಿಯಾಗಬೇಕು, ಅವಳಿಗೇ ತೋರಿಸಿ" ಅಂತ ಕೇಳಿದೆ. ಅವರಿಗೆ ಖುಷಿಯೇ ಆಯಿತು ಅನ್ನಿಸಿತು. ಎಡಗಾಲಲ್ಲಿ ಹಿಮ್ಮಡಿ ಎತ್ತಿ ನಿಂತಾಗ ಪಾದ ಹೊರಗೆ ವಾಲುತ್ತದಂತೆ, ಕನ್ನಡಿಯಲ್ಲಿ ತೋರಿಸಿದರು. ಒಂದು ರಬ್ಬರ್ ಪಟ್ಟಿ ಕೊಟ್ಟು ದಿನಾ ಮಾಡಬೇಕಾದದ್ದು ಹೇಳಿಕೊಟ್ಟಿದ್ದಾರೆ. ಮಗಳಿಗೆ ಪೂರ್ತಿ ಸಮಾಧಾನ ಆಗಿಲ್ಲ. ಇನ್ನೂ ಆ ಫೋಟೋ ನೋಡುತ್ತಾಳೆ. ಆದರೆ ಟಿವಿ ಮುಂದೆ ಪಟ್ಟಿ ಹಾಕಿಕೊಂಡು ಕೂರುತ್ತಾಳೆ. ಮುಂದಿನ ವರ್ಷ ಶೂ ಬೇಕಾದಾಗ ಸರಿಯಾಗಿ ಅಳತೆ ನೋಡಿ ಕೊಡುವವರು ಯಾರು ಅಂತ ಟೀಚರ್‌ನೇ ಕೇಳಿದ್ದೇನೆ, ಜೊತೆಗೆ ಬಂದು ಕೊಡಿಸುತ್ತೇನೆ ಅಂದಿದ್ದಾರೆ.

ಅತ್ತೆಯವರಿಗೆ ಈ ಸಲದ ವಾರ್ಷಿಕ ಪ್ರದರ್ಶನಕ್ಕೆ ಮೊದಲ ಸಾಲಿನಲ್ಲಿ ಸೀಟು ಹಿಡಿಯುತ್ತೇನೆ. ಆಮೇಲೆ ಬೇಕಾದರೆ ಭರತನಾಟ್ಯದ ಮಾತು.

ಇನ್ನೊಂದು ಸಣ್ಣ ಪ್ರಶ್ನೆ ಉಳಿದಿದೆ. ಮಗಳ ಕೂದಲು ತುಂಬಾ ನುಣುಪು, ಬನ್ ಅರ್ಧ ಕ್ಲಾಸಿಗೇ ಬಿಚ್ಚಿಹೋಗುತ್ತದೆ. ಎಷ್ಟು ಪಿನ್ ಹಾಕಿದರೂ ಅಷ್ಟೇ. ಏನು ಮಾಡುತ್ತೀರಿ?

ತಟ್ಟುಮಣೆ

ತಲೆ ಸ್ನಾನ ಕ್ಲಾಸಿನ ದಿನ ಬೇಡ, ಹಿಂದಿನ ದಿನ ಮಾಡಿಸಿ. ಒದ್ದೆ ಬಾಚಣಿಗೆಯಲ್ಲಿ ಬಾಚಿ ಮೊದಲು ಬಿಗಿ ಜುಟ್ಟು, ಆಮೇಲೆ ಜಡೆ ಹಾಕಿ ಸುತ್ತಿ. ಮೇಲೆ ಬಲೆ. ಪಿನ್ ಹೊರಗಿನಿಂದ ಜುಟ್ಟಿನ ಬುಡದ ಕಡೆಗೆ ಚುಚ್ಚಿ.

ರೆಡಿಂಗ್‌ನಿಂದ

ಬನ್‌ಗೆ ಸಾಧಾರಣ ಕ್ಲಿಪ್ ಅಲ್ಲ, ಯು ಆಕಾರದ ಪಿನ್ ತಗೊಳ್ಳಿ. ಬಲೆ ಎರಡು ಇಟ್ಟುಕೊಳ್ಳಿ, ಒಂದು ಹರಿದೇ ಹರಿಯುತ್ತದೆ.